ಆನ್‌ಲೈನ್ ಪಾಠದ ವೇದಿಕೆಗಳು: ಗಂಟೆಯ ದರ ಮತ್ತು ಬೋಧಕರ ನಿಜವಾದ ಗಳಿಕೆ

ಆನ್‌ಲೈನ್‌ನಲ್ಲಿ ಪಾಠ ಹೇಳಿ ಸಂಪಾದಿಸಬೇಕೆಂದು ಯೋಚಿಸುವವರು ಸಾಮಾನ್ಯವಾಗಿ ಮೊದಲು ನೋಡುವುದು ಈಗಾಗಲೇ ಪಾಠ ಹೇಳುತ್ತಿರುವವರ ಪ್ರೊಫೈಲಿನಲ್ಲಿ ಕಾಣುವ ಗಂಟೆಯ ದರವನ್ನು. ಅಲ್ಲಿ 10 ಡಾಲರ್ ಎಂದಿದ್ದರೆ ಅದನ್ನು ರೂಪಾಯಿಗೆ ಪರಿವರ್ತಿಸಿ, ದಿನಕ್ಕೆ ನಾಲ್ಕು ಗಂಟೆ ಎಂದು ಹಿಡಿದು, ತಿಂಗಳ ದಿನಗಳಿಂದ ಗುಣಿಸಿ, ಬಂದ ಮೊತ್ತವನ್ನು ಸಂಬಳದ ಜೊತೆ ಹೋಲಿಸುತ್ತಾರೆ. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಪ್ರೊಫೈಲಿನ ದರ ವಿದ್ಯಾರ್ಥಿ ಕೊಡುವ ಬೆಲೆಯೇ ಹೊರತು ಬೋಧಕರ ಕೈಗೆ ಸೇರುವ ಹಣವಲ್ಲ. ಜೊತೆಗೆ, ನಾಲ್ಕು ಗಂಟೆಗಳ ಪಾಠ ಸಿಗುವುದಕ್ಕೆ ಎಷ್ಟು ಗಂಟೆ ಹಣವಿಲ್ಲದ ಕೆಲಸ ಮಾಡಬೇಕಾಗುತ್ತದೆ ಎಂಬುದು ಅದರಲ್ಲಿ ಸೇರಿರುವುದಿಲ್ಲ. ಈ ಕೆಲಸದಲ್ಲಿ ಗಳಿಕೆಯನ್ನು ತೀರ್ಮಾನಿಸುವುದು ದರಕ್ಕಿಂತ ಹೆಚ್ಚಾಗಿ ಒಬ್ಬೊಬ್ಬ ವಿದ್ಯಾರ್ಥಿ ಎಷ್ಟು ಕಾಲ ಉಳಿಯುತ್ತಾರೆ ಎಂಬ ಸಂಗತಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ತಮ್ಮ ಮನೆಯಿಂದಲೇ ಕನ್ನಡವನ್ನು ಅಥವಾ ಗಣಿತವನ್ನು ಕಲಿಸಲು ಹೊರಟವರ ದೃಷ್ಟಿಯಿಂದ ಇದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ವೇದಿಕೆ ಎಂದು ಕರೆಸಿಕೊಳ್ಳುವ ಸಂಸ್ಥೆ ತಾನು ಪಾಠ ಹೇಳುವುದಿಲ್ಲ. ಕಲಿಯಬೇಕೆನ್ನುವವರಿಗೆ ಕಲಿಸಬಲ್ಲವರನ್ನು ಹುಡುಕಿಕೊಡುವುದು, ಪರಸ್ಪರ ಪರಿಚಯವಿಲ್ಲದ ಇಬ್ಬರ ನಡುವೆ ನಂಬಿಕೆಗೊಂದು ಆಧಾರ ಒದಗಿಸುವುದು, ಒಬ್ಬರಿಂದ ಹಣ ಪಡೆದು ಇನ್ನೊಬ್ಬರಿಗೆ ತಲುಪಿಸುವುದು ಅದರ ಕೆಲಸ. ಬಡಾವಣೆಯಲ್ಲಿ ಟ್ಯೂಷನ್ ಹೇಳುವ ಮೇಷ್ಟ್ರಿಗೆ ಈ ಮೂರೂ ಬಾಯಿಮಾತಿನಿಂದ ಆಗುತ್ತಿತ್ತು. ಪಕ್ಕದ ಬೀದಿಯ ಹುಡುಗಿಗೆ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೆ ಮುಂದಿನ ವರ್ಷ ಇನ್ನೂ ನಾಲ್ಕು ಮಕ್ಕಳು ಬರುತ್ತಿದ್ದರು, ತಿಂಗಳ ಮೊದಲ ವಾರದಲ್ಲಿ ಫೀಸು ಕೈಸೇರುತ್ತಿತ್ತು. ವಿದ್ಯಾರ್ಥಿ ನ್ಯೂಜೆರ್ಸಿಯಲ್ಲಿದ್ದು ಬೋಧಕರು ಶಿವಮೊಗ್ಗದಲ್ಲಿದ್ದಾಗ ಬಾಯಿಮಾತು ಅಷ್ಟು ದೂರ ಹೋಗುವುದಿಲ್ಲ. ವೇದಿಕೆ ಬೆಲೆ ಕೇಳುವುದು ಈ ಅಂತರವನ್ನು ತುಂಬಿಕೊಡುವುದಕ್ಕೆ.

ಬೆಲೆ ಕೇಳುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಕೆಲವು ವೇದಿಕೆಗಳಲ್ಲಿ ಬೋಧಕರೇ ಹಣ ತೆತ್ತು ವಿದ್ಯಾರ್ಥಿಯ ವಿಚಾರಣೆಯನ್ನು, ಅಂದರೆ ‘ಲೀಡ್’ ಅನ್ನು ಪಡೆಯಬೇಕು. ಫೋನ್ ಮಾಡಿದಾಗ ಆ ಪೋಷಕರು ಬೇರೆಯವರನ್ನು ಆರಿಸಿಕೊಂಡಿದ್ದರೆ ಕೊಟ್ಟ ಹಣ ವಾಪಸಾಗುತ್ತದೆಂಬ ಭರವಸೆ ಇರುವುದಿಲ್ಲ. ಫ್ರಾನ್ಸಿನಲ್ಲಿ 2013ರಲ್ಲಿ ಆರಂಭವಾದ ಸೂಪರ್‌ಪ್ರೊಫ್ ಬೋಧಕರನ್ನು ಸಂಪರ್ಕಿಸಲು ವಿದ್ಯಾರ್ಥಿಯಿಂದಲೇ ಚಂದಾ ಪಡೆಯುತ್ತದೆ, ಪಾಠದ ಶುಲ್ಕದಲ್ಲಿ ಪಾಲು ಕೇಳುವುದಿಲ್ಲ. ಭಾಷಾ ಕಲಿಕೆಯ ದೊಡ್ಡ ವೇದಿಕೆಗಳು ಪ್ರತಿ ಪಾಠದಲ್ಲೂ ಕಮಿಷನ್ ಹಿಡಿಯುತ್ತವೆ. ಇವುಗಳಲ್ಲಿ ಐಟಾಕಿ ಬಹುಕಾಲ ಶೇಕಡ 15ರ ಒಂದೇ ದರಕ್ಕೆ ಹೆಸರಾಗಿತ್ತು. ಉಕ್ರೇನಿನ ಮೂವರು 2012ರಲ್ಲಿ ಕಟ್ಟಿದ ಪ್ರೆಪ್ಲಿಯ ಪದ್ಧತಿ ಬೇರೆ. ಅಲ್ಲಿ ಹೊಸ ವಿದ್ಯಾರ್ಥಿಯ ಮೊದಲ ಟ್ರಯಲ್ ಪಾಠದ, ಅಂದರೆ ಮುಂದುವರಿಯಬೇಕೇ ಎಂದು ನೋಡಲು ತೆಗೆದುಕೊಳ್ಳುವ ಪಾಠದ, ಪೂರ್ತಿ ಹಣ ವೇದಿಕೆಗೇ ಹೋಗುತ್ತದೆ. ಆಮೇಲಿನ ಪಾಠಗಳಲ್ಲಿ ಕಮಿಷನ್ ಶೇಕಡ 33ರಿಂದ ಶುರುವಾಗಿ, ಬೋಧಕರು ಕಲಿಸಿದ ಒಟ್ಟು ಗಂಟೆಗಳು ಏರಿದಂತೆ 28, 25, 22 ಎಂದು ಇಳಿಯುತ್ತ, 400 ಗಂಟೆ ದಾಟಿದವರಿಗೆ ಶೇಕಡ 18ಕ್ಕೆ ನಿಲ್ಲುತ್ತದೆ. ಹಲವು ವರ್ಷ ನಡೆದುಬಂದ ದರಗಳಿವು. ವೇದಿಕೆಗಳು ಇವನ್ನು ಆಗಾಗ ಪರಿಷ್ಕರಿಸುವುದರಿಂದ ನೋಂದಾಯಿಸುವ ದಿನ ಷರತ್ತುಗಳ ಪುಟವನ್ನು ಓದಿಯೇ ಮುಂದುವರಿಯಬೇಕು. (ವಿದ್ಯಾರ್ಥಿಗೆ ಕಾಣುವ ಬೆಲೆಯನ್ನೂ ಪಠ್ಯವನ್ನೂ ಸಂಸ್ಥೆಯೇ ನಿಗದಿ ಮಾಡಿ, ಬೋಧಕರಿಗೆ ತರಗತಿಗಿಷ್ಟು ಎಂದು ಕೊಡುವ ಕಂಪನಿಗಳೂ ಇವೆ. ಅದು ಸ್ವತಂತ್ರ ಬೋಧನೆಯಲ್ಲ, ಆದ್ದರಿಂದ ಇಲ್ಲಿ ಅದರ ಚರ್ಚೆ ಇಲ್ಲ.)

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ 10 ಡಾಲರ್ ದರ ಇಟ್ಟ ಬೋಧಕಿಯೊಬ್ಬರು ಮೇಲೆ ಹೇಳಿದ ಇಳಿಯುವ ಕಮಿಷನ್ನಿನ ಪದ್ಧತಿಯಲ್ಲಿ ಹಣ ಬರುವಂಥ 40 ಗಂಟೆಗಳ ಪಾಠ ಮಾಡಿದರೆಂದುಕೊಳ್ಳೋಣ. ಮೊದಲ 20 ಗಂಟೆಗಳಿಗೆ ಶೇಕಡ 33 ಕಳೆದು 134 ಡಾಲರ್, ಮುಂದಿನ 20 ಗಂಟೆಗಳಿಗೆ ಶೇಕಡ 28 ಕಳೆದು 144 ಡಾಲರ್, ಒಟ್ಟು 278 ಡಾಲರ್ ಅವರಿಗೆ ಸಿಗುತ್ತದೆ. ಈ 40 ಗಂಟೆಗಳು ತಲಾ ನಾಲ್ಕು ಪಾಠ ಕೇಳಿ ಬಿಟ್ಟುಹೋದ ಹತ್ತು ವಿದ್ಯಾರ್ಥಿಗಳಿಂದ ಬಂದಿದ್ದರೆ ಹತ್ತು ಟ್ರಯಲ್ ಪಾಠಗಳೂ ಆಗಿರುತ್ತವೆ, ದುಡಿದದ್ದು 50 ಗಂಟೆ, ಗಂಟೆಗೆ ಬಿದ್ದದ್ದು 5.56 ಡಾಲರ್. ತಲಾ ಇಪ್ಪತ್ತು ಪಾಠ ಉಳಿದ ಇಬ್ಬರೇ ವಿದ್ಯಾರ್ಥಿಗಳಿಂದ ಬಂದಿದ್ದರೆ ದುಡಿದದ್ದು 42 ಗಂಟೆ, ಗಂಟೆಗೆ 6.62 ಡಾಲರ್. ಬಂದ ಹಣ ಎರಡೂ ಕಡೆ ಒಂದೇ. ವ್ಯತ್ಯಾಸ ಇಷ್ಟಕ್ಕೇ ಮುಗಿಯುವುದಿಲ್ಲ. ಹತ್ತು ಜನರ ಮಟ್ಟ ತಿಳಿದುಕೊಳ್ಳುವುದು, ಹತ್ತು ಜನರ ಅಗತ್ಯಕ್ಕೆ ತಕ್ಕ ಪಾಠ ಸಿದ್ಧಪಡಿಸುವುದು, ಸೇರುವ ಮುನ್ನ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು, ಇವೆಲ್ಲ ಲೆಕ್ಕಕ್ಕೆ ಬಾರದ ಗಂಟೆಗಳು. ಇಬ್ಬರ ವಿಷಯದಲ್ಲಿ ಐದನೆಯ ಪಾಠದ ಹೊತ್ತಿಗೆ ಈ ಶ್ರಮ ಬಹುಮಟ್ಟಿಗೆ ಮುಗಿದಿರುತ್ತದೆ. ಹೀಗಾಗಿ ಹೊಸಬರು ದರವನ್ನು 10ರಿಂದ 12ಕ್ಕೆ ಏರಿಸುವುದು ಹೇಗೆ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಬಂದವರು ನಾಲ್ಕನೆಯ ಪಾಠಕ್ಕೇ ಏಕೆ ನಿಲ್ಲಿಸುತ್ತಾರೆ ಎಂಬುದನ್ನು ಯೋಚಿಸುವುದು ಹೆಚ್ಚು ಫಲಕಾರಿ.

ವಿದ್ಯಾರ್ಥಿ ಉಳಿಯುವುದೂ ಬಿಡುವುದೂ ಬಹುಪಾಲು ಟ್ರಯಲ್ ಪಾಠದಲ್ಲಿ, ನಮ್ಮಲ್ಲಿ ಡೆಮೊ ಕ್ಲಾಸ್ ಎನ್ನುವುದರಲ್ಲಿ, ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅನೇಕ ಬೋಧಕರು ಆ ಅವಧಿಯನ್ನು ತಮ್ಮ ಪರಿಚಯಕ್ಕೂ ಪಠ್ಯಕ್ರಮದ ವಿವರಣೆಗೂ ಬಳಸಿ, ಕಲಿಸುವುದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತಾರೆ. ಇದರಿಂದ ವಿದ್ಯಾರ್ಥಿಗೆ ಬೋಧಕರ ಬಗ್ಗೆ ತಿಳಿಯುತ್ತದೆಯೇ ಹೊರತು ತಾನು ಕಲಿಯಬಲ್ಲೆನೇ ಎಂಬುದು ತಿಳಿಯುವುದಿಲ್ಲ. ಕನ್ನಡ ಕಲಿಸುವವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇವರ ಬಳಿ ಬರುವವರಲ್ಲಿ ಎರಡು ಗುಂಪುಗಳು ಸ್ಪಷ್ಟವಾಗಿ ಕಾಣುತ್ತವೆ: ಕೆಲಸಕ್ಕೆಂದು ಬೆಂಗಳೂರಿಗೆ ಬಂದು ನೆಲೆಸಿದ ಹೊರರಾಜ್ಯದವರು ಮತ್ತು ಹೊರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳು.

ಮೊದಲ ಗುಂಪಿನ ವಿದ್ಯಾರ್ಥಿ ಹಿಂದಿ ಮಾತನಾಡುವವರಾದರೆ, ಅವರು ತಾವೇ ಕಟ್ಟುವ ಮೊದಲ ವಾಕ್ಯಗಳಲ್ಲಿ ‘ನಾನು ಕಾಫಿ ಬೇಕು’ ಎಂಬುದು ಬಂದೇ ಬರುತ್ತದೆ. ಅದನ್ನು ತಿದ್ದಿ ಸುಮ್ಮನಾಗುವ ಬದಲು, ಅವರ ಭಾಷೆಯಲ್ಲೂ ಬೇಕು ಎನ್ನುವಾಗ ‘ಮುಝೇ’ ಎಂದೇ ಬರುತ್ತದೆ ಎಂದು ತೋರಿಸಿ, ‘ನನಗೆ ಕಾಫಿ ಬೇಕು, ನನಗೆ ಗೊತ್ತು, ನನಗೆ ಹಸಿವಾಗಿದೆ’ ಎಂದು ಒಂದೇ ಅಚ್ಚಿನ ಐದಾರು ವಾಕ್ಯಗಳನ್ನು ಅವರ ಬಾಯಿಂದಲೇ ಹೊರಡಿಸಿದರೆ, ಇಪ್ಪತ್ತೈದು ನಿಮಿಷ ಮುಗಿಯುವಷ್ಟರಲ್ಲಿ ಅಂಗಡಿಯಲ್ಲಿ ಆಡಬಹುದಾದ ಮಾತು ಅವರ ಕೈಯಲ್ಲಿರುತ್ತದೆ. ಎರಡನೆಯ ಗುಂಪಿನ ಮಗು ಅಜ್ಜಿ ಫೋನಿನಲ್ಲಿ ಹೇಳಿದ್ದೆಲ್ಲ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ, ಅಕ್ಷರ ಬಾರದು. ಅದರ ಮುಂದೆ ವರ್ಣಮಾಲೆಯ ಪೂರ್ತಿ ಪಟ್ಟಿ ಇಟ್ಟರೆ ಮರುದಿನ ಬರುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭವಾಗುವುದು ಸುಮ್ಮನೆ ಅಲ್ಲ. ಬರೆಯಲು ಸುಲಭವಾದ ಈ ಐದರಲ್ಲೇ ಸರ, ದರ, ಅರಸ, ಅಗಸ ಎಂಬ ಪದಗಳು ಹುಟ್ಟುತ್ತವೆ, ಮಗು ಮೊದಲ ದಿನವೇ ‘ಓದಿದೆ’ ಎಂದು ಹೇಳಿಕೊಳ್ಳಬಹುದು. ಪಕ್ಕದಲ್ಲಿ ಕುಳಿತ ತಂದೆ ತಾಯಿ ಅದನ್ನು ಕಣ್ಣಾರೆ ನೋಡುತ್ತಾರೆ. ಹಣ ಕೊಡುವವರು ಅವರೇ ಆದ್ದರಿಂದ, ಮಗುವಿನ ಪಾಠದಲ್ಲಿ ಕೊನೆಯ ಐದು ನಿಮಿಷವನ್ನು ಅವರೊಂದಿಗೆ ಮಾತಾಡಲು ಮೀಸಲಿಡುವುದು ವ್ಯರ್ಥವಲ್ಲ.

ಟ್ರಯಲ್ ಆದ ಮೇಲಿನ ಪಾಠಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರತಿ ಪಾಠದ ಕೊನೆಗೆ ಇಂದು ಏನಾಯಿತು, ಮುಂದೆ ಏನು ಎಂದು ನಾಲ್ಕು ಸಾಲು ಬರೆದು ಕಳಿಸುವ ಬೋಧಕರ ಬಳಿ ವಿದ್ಯಾರ್ಥಿಗಳು ಹೆಚ್ಚು ಕಾಲ ಇರುತ್ತಾರೆ, ಏಕೆಂದರೆ ಮುಂದಿನ ತಿಂಗಳ ಹಣ ಕಟ್ಟಬೇಕೇ ಎಂದು ಯೋಚಿಸುವಾಗ ಅವರ ಕಣ್ಣ ಮುಂದೆ ತಾವು ನಡೆದುಬಂದ ದಾರಿ ಇರುತ್ತದೆ.

ವೇದಿಕೆಯ ಹುಡುಕಾಟದ ಪುಟದಲ್ಲಿ ಯಾರ ಹೆಸರು ಮೇಲೆ ಬರಬೇಕೆಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಅದರ ಸೂತ್ರವನ್ನು ಯಾವ ಸಂಸ್ಥೆಯೂ ಪೂರ್ತಿಯಾಗಿ ಬಿಚ್ಚಿಡುವುದಿಲ್ಲವಾದರೂ, ಸಂದೇಶಗಳಿಗೆ ಉತ್ತರಿಸುವ ವೇಗ, ಟ್ರಯಲ್ ನಂತರ ಮುಂದುವರಿದವರ ಪ್ರಮಾಣ, ಬೋಧಕರೇ ರದ್ದು ಮಾಡಿದ ಪಾಠಗಳು ಮತ್ತು ರಿವ್ಯೂಗಳು ಅದರಲ್ಲಿ ಸೇರುತ್ತವೆ ಎಂದು ಅವುಗಳ ಸಹಾಯ ಪುಟಗಳೇ ಸೂಚಿಸುತ್ತವೆ. ಹೊಸಬರಿಗೆ ರಿವ್ಯೂ ಇರುವುದಿಲ್ಲ, ರಿವ್ಯೂ ಇಲ್ಲದ್ದರಿಂದ ವಿದ್ಯಾರ್ಥಿ ಬರುವುದಿಲ್ಲ. ಈ ಬಿಕ್ಕಟ್ಟಿನಿಂದ ಹೊರಬರಲು ಹೆಚ್ಚಿನವರು ದರವನ್ನು ತೀರಾ ಇಳಿಸುತ್ತಾರೆ. ಮೊದಲ ಕೆಲವು ವಿದ್ಯಾರ್ಥಿಗಳವರೆಗೆ ಇದು ಸರಿ, ಆದರೆ ಅಗ್ಗದ ದರಕ್ಕೆ ಬಂದವರು ದರ ಏರಿದೊಡನೆ ಹೋಗುವ ಸಾಧ್ಯತೆ ಹೆಚ್ಚು. ‘ಎಲ್ಲ ವಯಸ್ಸಿನವರಿಗೂ ಎಲ್ಲ ಮಟ್ಟದಲ್ಲೂ ಕಲಿಸುತ್ತೇನೆ’ ಎಂದು ಬರೆಯುವ ಬದಲು ‘ಓದಲು ಬಾರದ, ಮಾತು ಅರ್ಥವಾಗುವ 7ರಿಂದ 12 ವರ್ಷದ ಮಕ್ಕಳಿಗೆ ಕನ್ನಡ ಅಕ್ಷರ’ ಎಂದು ಬರೆದ ಪ್ರೊಫೈಲು ಕಡಿಮೆ ಜನರನ್ನು ಸೆಳೆದರೂ, ಸೆಳೆದವರನ್ನು ಉಳಿಸಿಕೊಳ್ಳುತ್ತದೆ.

ಹೊರದೇಶದ ವಿದ್ಯಾರ್ಥಿಗಳಿರುವವರು ಗಡಿಯಾರದ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಭಾರತದಲ್ಲಿ ವರ್ಷವಿಡೀ ಒಂದೇ ಸಮಯ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನ್ಯೂಜೆರ್ಸಿಯ ಮಗುವಿಗೆ ಶನಿವಾರ ಬೆಳಿಗ್ಗೆ 9.30ಕ್ಕೆ ಇರುವ ಪಾಠ ಬೇಸಿಗೆಯಲ್ಲಿ ನಮಗೆ ಸಂಜೆ 7 ಗಂಟೆಗೆ ಬೀಳುತ್ತದೆ, ನವೆಂಬರ್‌ನಲ್ಲಿ ಅದೇ ಪಾಠ ರಾತ್ರಿ 8ಕ್ಕೆ ಜಾರುತ್ತದೆ. ಬೆಂಗಳೂರಿನ ವಿದ್ಯಾರ್ಥಿಗೆ ಶನಿವಾರ 8 ಗಂಟೆಯನ್ನು ಮೊದಲೇ ಕೊಟ್ಟಿದ್ದರೆ ಎರಡೂ ಪಾಠಗಳು ಒಂದರ ಮೇಲೊಂದು ಬಂದು, ಒಂದನ್ನು ಬೋಧಕರೇ ರದ್ದು ಮಾಡಬೇಕಾಗುತ್ತದೆ, ಅದು ರೇಟಿಂಗಿಗೆ ಪೆಟ್ಟು. ಬ್ರಿಟನ್ನಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಆಗುವುದರಿಂದ, ಎರಡೂ ದೇಶಗಳ ವಿದ್ಯಾರ್ಥಿಗಳಿರುವವರಿಗೆ ವರ್ಷದಲ್ಲಿ ಕೆಲವು ವಾರ ಯಾವ ಹಳೆಯ ವೇಳಾಪಟ್ಟಿಯೂ ಹೊಂದುವುದಿಲ್ಲ. ಅಕ್ಟೋಬರ್ ಆರಂಭದಲ್ಲೇ ಎಲ್ಲರಿಗೂ ಹೊಸ ಸಮಯವನ್ನು ಬರೆದು ತಿಳಿಸುವುದೊಂದೇ ಇದಕ್ಕೆ ಪರಿಹಾರ. ರದ್ದತಿಯ ನಿಯಮಗಳನ್ನೂ ಆಗಲೇ ನೆನಪಿಸಬಹುದು: ಪಾಠಕ್ಕೆ 12 ಅಥವಾ 24 ಗಂಟೆ ಮುಂಚೆ ತಿಳಿಸದಿದ್ದರೆ ಹಣ ಬೋಧಕರಿಗೆ ಸಲ್ಲುತ್ತದೆ ಎಂಬುದು ಸಾಮಾನ್ಯ ಪದ್ಧತಿ.

ಗಳಿಸಿದ ಹಣ ವೇದಿಕೆಯ ಖಾತೆಯಿಂದ ನಮ್ಮ ಬ್ಯಾಂಕಿಗೆ ಬರುವುದು ಪೇಯೊನೀರ್, ವೈಸ್, ಪೇಪಾಲ್ ಮುಂತಾದ ಮಧ್ಯವರ್ತಿಗಳ ಮೂಲಕ. ಇವು ಶುಲ್ಕ ಪಡೆಯುವುದಲ್ಲದೆ, ಕೆಲವು ಡಾಲರನ್ನು ರೂಪಾಯಿಗೆ ಬದಲಾಯಿಸುವಾಗ ಮಾರುಕಟ್ಟೆ ದರಕ್ಕಿಂತ ಕಡಿಮೆ ಕೊಡುತ್ತವೆ. ಪ್ರತಿ ಸಲಕ್ಕೆ ಇಂತಿಷ್ಟು ಎಂಬ ಶುಲ್ಕ ಇರುವಲ್ಲಿ ವಾರಕ್ಕೊಮ್ಮೆ ತೆಗೆಯುವ ಬದಲು ತಿಂಗಳಿಗೊಮ್ಮೆ ತೆಗೆಯುವುದು ಲಾಭ. ಹಣ ಬಂದಾಗಲೆಲ್ಲ ವಿದೇಶದಿಂದ ಬಂದದ್ದಕ್ಕೆ ಸಿಗುವ ಪ್ರಮಾಣಪತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಪರ್ಪಸ್ ಕೋಡ್, ಅಂದರೆ ಹಣ ಯಾವ ಉದ್ದೇಶಕ್ಕೆ ಬಂತೆಂದು ತಿಳಿಸುವ ಸಂಕೇತ, ಕೇಳಿದಾಗ ಮನೆಖರ್ಚಿಗೆ ಬಂದ ಹಣವೆಂದು ನಮೂದಿಸದೆ ಸೇವೆಗೆ ಬಂದ ಹಣವೆಂದೇ ನಮೂದಿಸಬೇಕು. ಮುಂದೆ ತೆರಿಗೆಯ ಪ್ರಶ್ನೆ ಬಂದಾಗ ನಿಲ್ಲುವ ದಾಖಲೆ ಇದು.

ತೆರಿಗೆಯ ವಿಚಾರದಲ್ಲಿ ಮೊದಲು ತಿಳಿಯಬೇಕಾದದ್ದು, ಇದು ಸಂಬಳವಲ್ಲ ಎಂಬುದು. ಸ್ವತಂತ್ರ ಬೋಧಕರ ಗಳಿಕೆ ವ್ಯಾಪಾರ ಅಥವಾ ವೃತ್ತಿಯ ಆದಾಯದ ಶೀರ್ಷಿಕೆಗೆ ಸೇರುತ್ತದೆ, ಆದ್ದರಿಂದ ಇಂಟರ್‌ನೆಟ್ ಬಿಲ್ಲು, ಹೆಡ್‌ಸೆಟ್, ವೇದಿಕೆಯ ಕಮಿಷನ್ ಮುಂತಾದ ಖರ್ಚುಗಳನ್ನು ಕಳೆಯಬಹುದು. ವರ್ಷದ ತೆರಿಗೆ, ಮೂಲದಲ್ಲೇ ಕಡಿತವಾದದ್ದನ್ನು ಬಿಟ್ಟು, 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ರೊಳಗೆ ಕಂತುಗಳಲ್ಲಿ ಮುಂಗಡವಾಗಿ ಕಟ್ಟಬೇಕಾಗುತ್ತದೆ. ಭಾರತದ ವೇದಿಕೆಗಳು ಹಣ ಕೊಡುವಾಗ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿಯುತ್ತವೆ. ಇದರ ದರ 2024ರ ಅಕ್ಟೋಬರ್ 1ರಿಂದ ಶೇಕಡ 1ರಿಂದ 0.1ಕ್ಕೆ ಇಳಿದಿದೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿರುವ ವ್ಯಕ್ತಿಗೆ ವರ್ಷದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಕಡಿತವೇ ಇಲ್ಲ. ಕಡಿತ ಆಗುವುದು ಕಮಿಷನ್ ಕಳೆಯುವ ಮೊದಲಿನ ಪೂರ್ತಿ ಮೊತ್ತದ ಮೇಲೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಹೀಗಾಗಿ ಕೈಗೆ ಬಂದ ಹಣವನ್ನಷ್ಟೇ ಆದಾಯವೆಂದು ತೋರಿಸಿದರೆ ಇಲಾಖೆಯ ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ. ಪೂರ್ತಿ ಮೊತ್ತ ತೋರಿಸಿ ಕಮಿಷನ್ನನ್ನು ಖರ್ಚಿಗೆ ಹಾಕುವುದೇ ಸರಿಯಾದ ಕ್ರಮ.

ಜಿಎಸ್‌ಟಿ ನೋಂದಣಿಯ ಮಿತಿ ಕರ್ನಾಟಕದಲ್ಲಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ. ವೇದಿಕೆಯ ಮೂಲಕ ಸೇವೆ ಕೊಡುವವರೂ ಈ ಮಿತಿಯೊಳಗಿದ್ದರೆ ನೋಂದಾಯಿಸಬೇಕಿಲ್ಲ ಎಂದು 2017ರ ನವೆಂಬರ್‌ನಲ್ಲಿ ವಿನಾಯಿತಿ ಕೊಡಲಾಯಿತು. ಮಿತಿ ದಾಟಿದವರು ಭಾರತದ ವಿದ್ಯಾರ್ಥಿಗಳಿಗೆ ಹೇಳುವ ಖಾಸಗಿ ಪಾಠಕ್ಕೆ ಶೇಕಡ 18ರ ದರ ಅನ್ವಯವಾಗುತ್ತದೆ. ಹೊರದೇಶದವರಿಗೆ ಹೇಳಿದ್ದು, ಷರತ್ತುಗಳು ಪೂರ್ತಿಯಾದರೆ, ರಫ್ತೆಂದು ಪರಿಗಣಿತವಾಗಿ ಶೂನ್ಯ ದರಕ್ಕೆ ಒಳಪಡುತ್ತದೆ. ಆದರೆ ಮಿತಿಯನ್ನು ಎಣಿಸುವಾಗ ಈ ರಫ್ತಿನ ಮೊತ್ತವನ್ನೂ ಸೇರಿಸಬೇಕು. 20 ಲಕ್ಷದ ಹತ್ತಿರ ಬಂದವರು ಆಡಿಟರನ್ನು ಕಾಣುವುದನ್ನು ಮಾರ್ಚ್ ತಿಂಗಳವರೆಗೆ ಮುಂದೂಡಬಾರದು.

ಶಾಲಾ ಶಿಕ್ಷಕರಾಗಿರುವವರು ಈ ಕಡೆ ಬರುವ ಮೊದಲು ಇನ್ನೊಂದು ಕಾನೂನನ್ನು ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೇ ಪ್ರಕರಣ ಶಿಕ್ಷಕರು ಖಾಸಗಿ ಟ್ಯೂಷನ್ನಿನಲ್ಲಿ ತೊಡಗುವಂತಿಲ್ಲ ಎಂದು ಹೇಳುತ್ತದೆ. ಪಾಠ ಆನ್‌ಲೈನ್‌ನಲ್ಲಿ ನಡೆಯುತ್ತದೆ ಎಂಬುದು ಇದಕ್ಕೆ ವಿನಾಯಿತಿಯಲ್ಲ.

ಉದ್ಯೋಗಿಯಲ್ಲದವರಿಗೆ ಪಿಎಫ್ ಇಲ್ಲ, ರಜೆಯ ಸಂಬಳ ಇಲ್ಲ, ಖಾತೆ ಮುಚ್ಚಿದರೆ ಕೇಳುವವರೂ ಇಲ್ಲ ಎಂಬ ಸ್ಥಿತಿ ಈಗ ಸ್ವಲ್ಪ ಬದಲಾಗುತ್ತಿದೆ. ಗಿಗ್ (ಕಾಯಂ ನೌಕರಿಯಿಲ್ಲದೆ ಕೆಲಸಕ್ಕಿಷ್ಟು ಎಂದು ದುಡಿಯುವ) ಮತ್ತು ವೇದಿಕೆ ಕಾರ್ಮಿಕರನ್ನು ಗುರುತಿಸುವ ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಕರ್ನಾಟಕವೂ 2025ರಲ್ಲಿ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಪ್ರತ್ಯೇಕ ಕಾನೂನು ಮಾಡಿ, ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನಗಳ ನೋಟಿಸ್ ಕೊಡದೆ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದಿದೆ. ಕ್ಯಾಬ್ ಓಡಿಸುವವರನ್ನೂ ಊಟ ತಲುಪಿಸುವವರನ್ನೂ ಮನಸ್ಸಿನಲ್ಲಿಟ್ಟು ರೂಪಿಸಿದ ಕಾನೂನು ಇದಾದರೂ, ಅದರ ಅನುಸೂಚಿಯಲ್ಲಿ ವೃತ್ತಿಪರ ಚಟುವಟಿಕೆಗಳ ಸೇವೆಯೂ ಇದೆ. ಬೋಧಕರು ಈ ರಕ್ಷಣೆ ತಮಗೂ ಸಲ್ಲಬೇಕೆಂದು ಒಟ್ಟಾಗಿ ಕೇಳುವುದು ನ್ಯಾಯವಾದದ್ದೇ.

ಒಂದೇ ವೇದಿಕೆಯನ್ನು ನೆಚ್ಚಿಕೊಂಡರೆ ಏನಾಗಬಹುದೆಂಬುದಕ್ಕೆ 2021ರ ಚೀನಾ ಸಾಕ್ಷಿ. ಬೀಜಿಂಗ್‌ನಲ್ಲಿ 2013ರಲ್ಲಿ ಆರಂಭವಾದ ವಿಐಪಿಕಿಡ್ ಮೂಲಕ ಅಮೆರಿಕ ಮತ್ತು ಕೆನಡಾದ ಸಾವಿರಾರು ಬೋಧಕರು ಚೀನೀ ಮಕ್ಕಳಿಗೆ ಮನೆಯಿಂದಲೇ ಇಂಗ್ಲಿಷ್ ಕಲಿಸುತ್ತಿದ್ದರು. 2021ರ ಜುಲೈ ತಿಂಗಳಲ್ಲಿ ಚೀನಾ ಸರ್ಕಾರ ಖಾಸಗಿ ಟ್ಯೂಷನ್ನಿಗೆ ಕಡಿವಾಣ ಹಾಕಿ, ಹೊರದೇಶದಲ್ಲಿರುವ ವಿದೇಶಿಯರಿಂದ ಪಾಠ ಹೇಳಿಸುವುದನ್ನೂ ನಿಷೇಧಿಸಿತು. ಆಗಸ್ಟ್‌ನಲ್ಲಿ ಸಂಸ್ಥೆ ಅಂಥ ಪಾಠಗಳ ಮಾರಾಟ ನಿಲ್ಲಿಸುವುದಾಗಿ ತಿಳಿಸಿತು. ಬೋಧಕರಲ್ಲಿ ಯಾವ ಕೊರತೆಯೂ ಇರಲಿಲ್ಲ, ಅವರ ರೇಟಿಂಗ್ ಮಾತ್ರ ಬೇರೆಲ್ಲಿಗೂ ಸಾಗಿಸಲಾಗದೆ ಅಲ್ಲೇ ಉಳಿಯಿತು.

ಇದನ್ನು ಮನಗಂಡ ಕೆಲವರು ವೇದಿಕೆಯಲ್ಲಿ ಸಿಕ್ಕ ವಿದ್ಯಾರ್ಥಿಯನ್ನು ಸದ್ದಿಲ್ಲದೆ ವಾಟ್ಸ್ಆ್ಯಪ್‌ಗೂ ಯುಪಿಐಗೂ ಕರೆದೊಯ್ಯುತ್ತಾರೆ. ಕಮಿಷನ್ ಪಡೆಯುವ ಹೆಚ್ಚುಕಡಿಮೆ ಎಲ್ಲ ವೇದಿಕೆಗಳ ಕರಾರೂ ಇದನ್ನು ನಿಷೇಧಿಸುತ್ತದೆ, ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತದೆ. ಸಹಿ ಮಾಡಿದ ಮಾತನ್ನು ಮುರಿಯುವುದಕ್ಕಿಂತ, ವೇದಿಕೆಗೆ ಸಂಬಂಧವಿಲ್ಲದ ದಾರಿಗಳಿಂದ ಬರುವ ವಿದ್ಯಾರ್ಥಿಗಳನ್ನು ಬೆಳೆಸಿಕೊಳ್ಳುವುದು ಪ್ರಾಮಾಣಿಕವೂ ಹೌದು, ಸುರಕ್ಷಿತವೂ ಹೌದು. ಹೊರದೇಶಗಳ ಕನ್ನಡ ಕೂಟಗಳು ವಾರಾಂತ್ಯದಲ್ಲಿ ಕನ್ನಡ ಕಲಿ ತರಗತಿಗಳನ್ನು ನಡೆಸುತ್ತವೆ, ಅಪಾರ್ಟ್‌ಮೆಂಟ್ ಸಂಘಗಳೂ ಕಚೇರಿಗಳೂ ಕನ್ನಡ ಕಲಿಸುವವರನ್ನು ಹುಡುಕುತ್ತಿರುತ್ತವೆ. ಪಾಠದ ಟಿಪ್ಪಣಿಗಳನ್ನು, ಅಭ್ಯಾಸದ ಹಾಳೆಗಳನ್ನು ವೇದಿಕೆಯ ಸರ್ವರಿನಲ್ಲಷ್ಟೇ ಇಡದೆ ತಮ್ಮ ಕಂಪ್ಯೂಟರಿನಲ್ಲೂ ಇಟ್ಟುಕೊಂಡವರಿಗೆ ಹೊಸ ಜಾಗದಲ್ಲಿ ಮೊದಲಿನಿಂದ ಆರಂಭಿಸುವ ಕಷ್ಟ ಇರುವುದಿಲ್ಲ.

ನೋಂದಾಯಿಸುವ ಮುನ್ನ ಕರಾರಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು: ಖಾತೆಯನ್ನು ಮುಚ್ಚಿದರೆ ಅದರಲ್ಲಿ ಬಾಕಿ ಇರುವ ಹಣ ಯಾವಾಗ ಸಿಗುತ್ತದೆ, ವಿದ್ಯಾರ್ಥಿ ದೂರು ಕೊಟ್ಟಾಗ ಬೋಧಕರ ಮಾತನ್ನು ಯಾರು ಕೇಳುತ್ತಾರೆ, ಮತ್ತು ಪಾಠದ ವಿಡಿಯೊ ದಾಖಲೆ ಯಾರಿಗೆ ಸೇರುತ್ತದೆ. ವಿದ್ಯಾರ್ಥಿ ಹದಿನೆಂಟು ತುಂಬದ ಮಗುವಾಗಿದ್ದರೆ ಆ ದಾಖಲೆಗೆ ಪೋಷಕರ ಒಪ್ಪಿಗೆಯನ್ನು ಹೇಗೆ ಪಡೆಯುತ್ತಾರೆ ಎಂಬುದನ್ನೂ ಅಲ್ಲೇ ನೋಡಬೇಕು. ಇವು ಕರಾರಿನಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ವೇದಿಕೆಯ ಸಹಾಯ ವಿಭಾಗಕ್ಕೆ ಇಮೇಲ್ ಬರೆದು, ಬಂದ ಉತ್ತರವನ್ನು ಉಳಿಸಿಟ್ಟುಕೊಂಡ ನಂತರವೇ ಮೊದಲ ಟ್ರಯಲ್ ಪಾಠಕ್ಕೆ ಸಮಯ ಕೊಡುವುದು ಒಳ್ಳೆಯದು.